ಕೋಳಿಮರಿಗೂ ಒಂದು ಚಾಕಿ

ನಮ್ಮೂರು ಮಾಗಡಿ ಸೀಮೆಯದು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಎರಡು ಬಗೆಯ ಮೊಟ್ಟೆಗಳು ಒಡೆದು ಜೀವ ತಳೆಯುತ್ತಿದ್ದವು. ಒಂದು ರೇಷ್ಮೆಯದು, ಇನ್ನೊಂದು ಕೋಳಿಯದು. ರೇಷ್ಮೆ ಮೊಟ್ಟೆಯ ಹಾಳೆ ಬಂದ ದಿನದಿಂದ ಮನೆಯ ನಡವಳಿಕೆಯೇ ಬದಲಾಗುತ್ತಿತ್ತು. ಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಬೀಡಿ ಸೇದುವವರಿಗೆ ಜಗಲಿಯೇ ಗತಿ. ಗೋಡೆಯ ಮೇಲೆ ಎರಡು ಕೊಳವೆಗಳ ಒಂದು ತಾಪಮಾಪಕ ತೂಗುತ್ತಿತ್ತು. ಒಂದು ಕೊಳವೆಯ ಬುಡ ಒಣಗಿದ್ದು, ಇನ್ನೊಂದಕ್ಕೆ ಒದ್ದೆ ಬಟ್ಟೆಯ ಬತ್ತಿ. ಅಕ್ಷರ ಬಾರದ ನಮ್ಮ ಅವ್ವ ಅದರ ಗೆರೆಗಳನ್ನು ಓದಿ, ಮನೆಯಲ್ಲಿ ಕಾವು ಎಷ್ಟಿದೆ, ತೇವ ಎಷ್ಟಿದೆ ಎಂದು ಹೇಳಬಲ್ಲವಳಾಗಿದ್ದಳು.

ಅದೇ ಮನೆಯ ಅಟ್ಟದ ಕೆಳಗೆ ಮಂಕರಿಯಲ್ಲಿ ಕೂತ ಹೇಂಟೆ 11 ಮರಿ ಎಬ್ಬಿಸಿದರೆ, ಎರಡು ತಿಂಗಳು ತುಂಬುವ ಹೊತ್ತಿಗೆ 3 ಉಳಿದರೆ ಹೆಚ್ಚು. ಒಂದನ್ನು ಹದ್ದು ಎತ್ತುತ್ತಿತ್ತು, ಒಂದನ್ನು ಮುಂಗುಸಿ. ಎರಡು ಮಳೆಗೆ ನೆನೆದು ಸಾಯುತ್ತಿದ್ದವು. ಮಿಕ್ಕವು ಯಾಕೆ ಸತ್ತವೆಂದು ಯಾರೂ ಕೇಳುತ್ತಿರಲಿಲ್ಲ. ‘ಕೋಳಿಮರಿ ತಾನೆ’ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೆ ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ಹಣ ಅಪ್ಪನ ಜೇಬಿಗೆ ಇಳಿದು, ಅಲ್ಲಿಂದ ಸಾಲ ಕೊಟ್ಟವರ ಕೈ ಸೇರುತ್ತಿತ್ತು. ಕೋಳಿಯ ಹಣವೊಂದೇ ಅವ್ವನ ಸಾಸಿವೆ ಡಬ್ಬಿಗೆ ಬೀಳುತ್ತಿದ್ದುದು. ನನ್ನ ಪುಸ್ತಕ, ತಂಗಿಯ ರಿಬ್ಬನ್, ಮನೆಗೆ ಬಂದ ನೆಂಟರ ಕಾಫಿಪುಡಿ, ಎಲ್ಲವೂ ಆ ಡಬ್ಬಿಯಿಂದಲೇ. ಸತ್ತ 8 ಮರಿಗಳ ಲೆಕ್ಕವನ್ನು ನಾನು ಬಹಳ ತಡವಾಗಿ ಹಾಕಿದೆ.

ರೇಷ್ಮೆ ಸೀಮೆಯ ಹೊರಗಿನವರಿಗೆ ಒಂದು ಮಾತು ವಿವರಿಸಬೇಕು. ಮೊಟ್ಟೆಯೊಡೆದ ಹುಳು ಮೊದಲ ಎರಡು ‘ಜ್ವರ’ ಕಳೆಯುವವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಅದಕ್ಕೆ ಮಾಡುವ ಆರೈಕೆಗೆ ಚಾಕಿ ಎಂದು ಹೆಸರು. ಆಗ ಸುಮಾರು 27–28 ಡಿಗ್ರಿ ಕಾವು, ಒಳ್ಳೆಯ ತೇವ, ಸಣ್ಣಗೆ ಹೆಚ್ಚಿದ ಎಳೆಯ ಸೊಪ್ಪು. ಚಾಕಿ ಕೆಟ್ಟರೆ ಬೆಳೆ ಕೆಟ್ಟಿತೆಂದೇ ಲೆಕ್ಕ. ಈಗ ಬಹಳ ಮಂದಿ ಈ ಗೋಜೇ ಬೇಡವೆಂದು ಚಾಕಿ ಕೇಂದ್ರಗಳಿಂದಲೇ ಹುಳು ತರುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತಿರುವ ಈ ಚಾಕಿಯನ್ನು ಕೋಳಿಮರಿಗೂ ಕಟ್ಟಿದರೆ ಸಾಕು ಎಂಬುದೇ ನನ್ನ ಇಂದಿನ ಮಾತಿನ ತಿರುಳು. ಜಿಲ್ಲೆ 2007ರಲ್ಲಿ ರಾಮನಗರವೆಂಬ ಹೆಸರಿನಿಂದ ಹುಟ್ಟಿ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಹೇಂಟೆಗಳಿಗೆ ಈ ಸುದ್ದಿ ಮುಟ್ಟಿಲ್ಲ, ಅವು ಹಿಂದಿನಂತೆಯೇ 21 ದಿನ ಕೂರುತ್ತವೆ.

ಕಾವಿನ ಯಂತ್ರಗಳ ಮಾತು ಈಗ ಎಲ್ಲೆಲ್ಲೂ ಕೇಳುತ್ತದೆ. ಕೃತಕ ಕಾವು ಹೊಸದೇನೂ ಅಲ್ಲ. ಈಜಿಪ್ಟಿನವರು ಗೊಬ್ಬರದ ಬಿಸಿಯಲ್ಲಿ ಮೊಟ್ಟೆ ಹೂತು ಮರಿ ಮಾಡುತ್ತಿದ್ದುದನ್ನು ಗ್ರೀಸಿನ ಅರಿಸ್ಟಾಟಲನೇ ಬರೆದಿದ್ದಾನೆ. ಆದರೆ ಹತ್ತು ಹನ್ನೆರಡು ಮೊಟ್ಟೆಯ ಸಂಸಾರಕ್ಕೆ ನಾಟಿ ಹೇಂಟೆಗಿಂತ ಅಗ್ಗದ ಯಂತ್ರ ಇನ್ನೂ ಹುಟ್ಟಿಲ್ಲ. ಮೊಟ್ಟೆಗೆ ಬೇಕಾದ ಕಾವು 37.5 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಹೇಂಟೆಯ ಎದೆಯ ಕೆಳಗೆ ಪುಕ್ಕ ಉದುರಿ ಚರ್ಮ ಬರಿದಾಗಿ, ಅದರ ಒಡಲಿನ ಬಿಸಿ ನೇರವಾಗಿ ಮೊಟ್ಟೆಗೆ ತಾಗುತ್ತದೆ. ಮೊಟ್ಟೆ ಹೊರಳಿಸುವುದನ್ನು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಳಿಸದಿದ್ದರೆ ಒಳಗಿನ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ವಿದ್ಯುತ್ತು ಹೋದರೆ ಅದಕ್ಕೆ ಚಿಂತೆಯಿಲ್ಲ.

1980ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ, ಅದರ ಹಿಂದೆಯೇ ಬಂದ ಇತರ ತಳಿಗಳು ತೂಕದಲ್ಲಿಯೂ ಮೊಟ್ಟೆಯಲ್ಲಿಯೂ ನಾಟಿಯನ್ನು ಮೀರಿಸಿದವು, ನಿಜ. ಆದರೆ ಹೆಚ್ಚು ಮೊಟ್ಟೆಗಾಗಿ ಆಯ್ದು ಬೆಳೆಸಿದ ಕೋಳಿಗಳಲ್ಲಿ ಕಾವಿಗೆ ಕೂರುವ ಬುದ್ಧಿ ಮಂಕಾಗುತ್ತದೆ. ಹಿತ್ತಿಲಲ್ಲಿ ಒಂದೆರಡು ನಾಟಿ ಹೇಂಟೆ ಇಲ್ಲದಿದ್ದರೆ ಪ್ರತಿ ಸಲವೂ ಮರಿಗೆ ದುಡ್ಡು ತೆರಬೇಕು. ಕಾವು ಬಿಡಿಸಲೆಂದು ಹೇಂಟೆಯನ್ನು ನೀರಿಗದ್ದುವುದು, ಮೂಗಿಗೆ ಪುಕ್ಕ ಪೋಣಿಸುವುದು ನಮ್ಮಲ್ಲಿ ಉಂಟು. ಬಿಟ್ಟಿ ಬಂದ ಯಂತ್ರವನ್ನು ಹಿಂಸಿಸಿ ಕೆಡಿಸಿ, ಆಮೇಲೆ ಸಂತೆಯಲ್ಲಿ ಮರಿ ಕೊಳ್ಳುವವರನ್ನು ನಾನು ನೋಡಿದ್ದೇನೆ.

ಕೂರಿಸುವ ಮೊಟ್ಟೆ ಒಂದು ವಾರಕ್ಕಿಂತ ಹಳತಾಗಿರಬಾರದು. ಬೇಸಿಗೆಯಲ್ಲಿ ಇನ್ನೂ ಎಚ್ಚರ ಬೇಕು. ಚೈತ್ರ ವೈಶಾಖದ ಸೆಕೆಯಲ್ಲಿ ಅಡಿಗೆಮನೆಯಲ್ಲಿಟ್ಟ ಮೊಟ್ಟೆಯೊಳಗೆ ಜೀವ ಅರೆಬರೆ ಎಚ್ಚತ್ತು, ಸಾಕಷ್ಟು ಕಾವಿಲ್ಲದೆ ಅಲ್ಲಿಯೇ ನಂದಿಹೋಗುತ್ತದೆ. ಅಗಲ ಬಾಯಿಯ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಮೇಲೊಂದು ಬಟ್ಟೆ ಹಾಸಿ, ಚೂಪು ತುದಿ ಕೆಳಗಾಗಿ ಮೊಟ್ಟೆಯಿಟ್ಟರೆ ತಂಪಾಗಿರುತ್ತವೆ. ಕೊಳೆಯಾದ ಮೊಟ್ಟೆಯನ್ನು ತೊಳೆದು ಕೂರಿಸಬೇಡಿ. ತೊಳೆದರೆ ಚಿಪ್ಪಿನ ಕಾಪು ಹೋಗಿ ರೋಗಾಣು ಒಳಗಿಳಿಯುತ್ತದೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಕೆಳಗೆ ಮರಳು, ನಡುವೆ ಬೂದಿ, ಮೇಲೆ ಹುಲ್ಲು ಹಾಕಿದ ಮಂಕರಿಯಲ್ಲಿ 10–12 ಮೊಟ್ಟೆ. ಅದಕ್ಕಿಂತ ಹೆಚ್ಚಾದರೆ ಅಂಚಿನವು ಕೆಡುತ್ತವೆ. ನಮ್ಮವ್ವ ಒಂದು ಇದ್ದಿಲನ್ನೂ ಕಬ್ಬಿಣದ ಚೂರನ್ನೂ ಮಂಕರಿಯಲ್ಲಿಡುತ್ತಿದ್ದಳು, ಗುಡುಗಿಗೆ ಮೊಟ್ಟೆ ಕೆಡದಿರಲೆಂದು. ಕಬ್ಬಿಣ ಏನು ಮಾಡೀತೋ ಕಾಣೆ, ಬೂದಿಯಂತೂ ಕೋಳಿಹೇನನ್ನು ದೂರವಿಡುತ್ತದೆ. ಹೇನು ಹತ್ತಿದ ಹೇಂಟೆ ಕಾವು ಬಿಟ್ಟು ಎದ್ದುಹೋಗುತ್ತದೆ.

ಏಳನೆಯ ರಾತ್ರಿ ಕತ್ತಲೆಯಲ್ಲಿ ಮೊಟ್ಟೆಯ ಹಿಂದೆ ಟಾರ್ಚು ಹಿಡಿದು ನೋಡಿ. ಜೇಡನಂತೆ ಕೆಂಪು ನರಗಳು ಹರಡಿದ್ದರೆ ಜೀವವಿದೆ. ಬೆಳಕು ಸಲೀಸಾಗಿ ಹಾಯ್ದರೆ ಅದು ಬರಿಯ ಮೊಟ್ಟೆ. ರಕ್ತದ ಉಂಗುರ ಮಾತ್ರ ಕಂಡರೆ ಜೀವ ಹುಟ್ಟಿ ಸತ್ತಿದೆ. ಇದರಲ್ಲೊಂದು ಜಾಣತನವುಂಟು. ಒಂದೇ ದಿನ ಎರಡು ಹೇಂಟೆಗಳನ್ನು ಕೂರಿಸಿದರೆ, ಏಳನೆಯ ದಿನ ಬರಿಯ ಮೊಟ್ಟೆಗಳನ್ನು ತೆಗೆದು, ಉಳಿದವು ಒಂದರ ಒಡಲಿಗೆ ಹಿಡಿಸುವಷ್ಟಿದ್ದರೆ ಅಲ್ಲಿಯೇ ಸೇರಿಸಿ, ಇನ್ನೊಂದಕ್ಕೆ ಹೊಸ ಮೊಟ್ಟೆ ಕೊಡಬಹುದು. ದಿನಕ್ಕೊಮ್ಮೆ ಹೇಂಟೆ ಕಾಳಿಗೆ, ನೀರಿಗೆ, ಧೂಳುಸ್ನಾನಕ್ಕೆ ಎದ್ದುಹೋದರೆ ಗಾಬರಿ ಬೇಡ. ಕಾಲುಗಂಟೆಯಲ್ಲಿ ಮೊಟ್ಟೆಯೇನೂ ಆರಿಹೋಗದು. ಕೊನೆಯ ಮೂರು ದಿನ ಮಾತ್ರ ಮಂಕರಿಯ ತಂಟೆಗೆ ಹೋಗಬಾರದು. ಅರ್ಧ ಒಡೆದ ಚಿಪ್ಪನ್ನು ಮರುಕದಿಂದ ಬಿಡಿಸಹೋದರೆ ಮರಿ ರಕ್ತ ಸೋರಿ ಸಾಯುತ್ತದೆ.

ಇಲ್ಲಿಯವರೆಗಿನದು ಹೇಂಟೆಯ ಕೆಲಸ. ಇನ್ನು ನಮ್ಮದು. ಬಿಟ್ಟುಬಿಟ್ಟರೆ ಹೇಂಟೆ ಎರಡು ಮೂರು ತಿಂಗಳು ಮರಿಗಳ ಹಿಂದೆ ತಿರುಗುತ್ತದೆ. ಅಷ್ಟು ದಿನವೂ ಮೊಟ್ಟೆಯಿಡುವುದಿಲ್ಲ. ಮರಿಗಳನ್ನು ನಾವು ವಹಿಸಿಕೊಂಡರೆ ಅದು ಬೇಗ ಮೊಟ್ಟೆಗೆ ಬರುತ್ತದೆ, ವರ್ಷದಲ್ಲಿ ಒಂದೆರಡು ಕಾವು ಹೆಚ್ಚು ಸಿಗುತ್ತದೆ. ಡಬ್ಬಿ ತುಂಬುವುದು ಇಲ್ಲಿ.

ಮೈಮೇಲೆ ಬರಿಯ ನವಿರು ಇರುವ ಮರಿ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ, ಪುಕ್ಕ ಮೂಡುವ ನಾಲ್ಕನೆಯ ವಾರದ ಹೊತ್ತಿಗೆ ಕಾವನ್ನು ಬಿಡಿಸಬಹುದು. ಬಿದಿರಿನ ತಡಿಕೆಯನ್ನು ದುಂಡಗೆ ಬಳಸಿ, ಮೂಲೆಗಳಿಲ್ಲದಂತೆ ಒಂದು ಆವರಣ ಮಾಡಿ. ಮೂಲೆಯಿದ್ದರೆ ಮರಿಗಳು ಅಲ್ಲಿ ಒತ್ತಿ ಕೆಳಗಿನವು ಉಸಿರುಕಟ್ಟುತ್ತವೆ. ನೆಲಕ್ಕೆ ಭತ್ತದ ಹೊಟ್ಟು. ಚನ್ನಪಟ್ಟಣದವರಿಗೆ ಗೊಂಬೆ ಕಡೆಯುವಲ್ಲಿ ಹಾಲೆಮರದ ತುರಿ ಸಿಗುತ್ತದೆ. ಅರಗುಬಣ್ಣ ಹಚ್ಚುವ ಮೊದಲಿನ ಬಿಳಿಯ ತುರಿಯನ್ನೇ ಆರಿಸಿ ತನ್ನಿ. ಮೊದಲ ಮೂರು ನಾಲ್ಕು ದಿನ ಅದರ ಮೇಲೆ ಗೋಣಿಬಟ್ಟೆ ಹಾಸಿ. ನುಣ್ಣನೆಯ ಕಾಗದದ ಮೇಲೆ ಕಾಲು ಜಾರಿ ಕುಂಟಾದ ಮರಿ ನೆಟ್ಟಗಾಗುವುದು ಕಷ್ಟ.

ಕಾವಿಗೆ ಬಲ್ಬು ಸುಲಭ. ಮರಿಯೊಂದಕ್ಕೆ 2 ವ್ಯಾಟಿನಂತೆ ಲೆಕ್ಕ ಹಿಡಿಯಿರಿ. ಆದರೆ ಅಂಗಡಿಯಲ್ಲಿ ಈಗ ಕೈಗೆ ಕೊಡುವ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಸಾಲುವಷ್ಟು ಬಿಸಿ ಕೊಡದು. ಹಳೆಯ ಮಾದರಿಯ ತಂತಿಯ ಬಲ್ಬನ್ನೇ ಕೇಳಿ ತರಬೇಕು. ತಾಪಮಾಪಕ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಮುದ್ದೆಯಾಗಿ ಚೀರುತ್ತಿದ್ದರೆ ಚಳಿ. ದೂರ ಸರಿದು ಬಾಯಿ ತೆರೆದಿದ್ದರೆ ಸೆಕೆ. ಒಂದೇ ಬದಿಗೆ ಸೇರಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಎಲ್ಲೆಡೆ ಹರಡಿ ಮಲಗಿದ್ದರೆ ಸರಿಯಾಗಿದೆ.

ಈ ಕೊನೆಯ ಗುರುತು ಒಮ್ಮೆ ನನ್ನನ್ನು ಮೋಸಗೊಳಿಸಿತು. ಒಂದು ಧನುರ್ಮಾಸದಲ್ಲಿ ಎರಡು ರಾತ್ರಿ ವಿದ್ಯುತ್ತು ಇರಲಿಲ್ಲ. 22 ಮರಿಗಳಿದ್ದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟೆ. ಬಿಸಿ ಹೊರಹೋಗದಿರಲೆಂದು ಕಿಟಕಿ ಮುಚ್ಚಿ, ಬಾಗಿಲಿನ ಸಂದಿಗೆ ಗೋಣಿ ತುರುಕಿದೆ. ನಡುರಾತ್ರಿ ಬಾಗಿಲು ಓರೆಮಾಡಿ ಟಾರ್ಚು ಬಿಟ್ಟು ನೋಡಿದಾಗ ಮರಿಗಳು ಎಲ್ಲೆಡೆ ಹರಡಿ ಸುಮ್ಮನೆ ಮಲಗಿದ್ದವು. ಹಾಯಾಗಿವೆ ಎಂದುಕೊಂಡು ನಾನೂ ಹೋಗಿ ಮಲಗಿದೆ. ಬೆಳಿಗ್ಗೆಯೂ ಅವು ಹಾಗೆಯೇ ಮಲಗಿದ್ದವು. ಉರಿಯುವ ಇದ್ದಿಲು ಮುಚ್ಚಿದ ಕೋಣೆಯಲ್ಲಿ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅವ್ವ ನನ್ನನ್ನು ಬಯ್ಯಲಿಲ್ಲ. ‘ಆ ಕೋಣೇಲಿ ನೀನು ಮಲಗಿರಲಿಲ್ಲವಲ್ಲ, ಅಷ್ಟು ಸಾಕು ಕಣಪ್ಪ’ ಎಂದಳು. ಇದ್ದಿಲು ಬಳಸಲೇಬೇಕಾದರೆ ಎದುರುಬದುರು ಗಾಳಿಕಂಡಿ ತೆರೆದಿರಬೇಕು. ಮನುಷ್ಯರು ಆ ಕೋಣೆಯಲ್ಲಿ ಮಲಗಲೇಬಾರದು.

ಅಂದಿನಿಂದ ನಾನು ನೆಚ್ಚಿದ್ದು ಹುಲ್ಲಿನ ಪೆಟ್ಟಿಗೆಯನ್ನು. ಇಥಿಯೋಪಿಯಾದ ಹಳ್ಳಿಗಳಲ್ಲಿ ಇದು ಬಳಕೆಯಲ್ಲಿದೆ. ಮರದ ಪೆಟ್ಟಿಗೆಯ ಸುತ್ತ ಒಳಗಡೆ ಒಣಹುಲ್ಲನ್ನು ಒತ್ತಾಗಿ ತುಂಬಿ, ನಡುವೆ ಗೂಡಿನಂಥ ಜಾಗ ಬಿಟ್ಟು, ಮೇಲೆ ಗಾಳಿಯಾಡುವಂತೆ ಹುಲ್ಲು ತುಂಬಿದ ಗೋಣಿ ಮುಚ್ಚುವುದು. ಬೆಂಕಿಯಿಲ್ಲ, ಬಲ್ಬಿಲ್ಲ, ಮರಿಗಳ ಮೈಬಿಸಿಯೇ ಒಳಗೆ ಉಳಿಯುತ್ತದೆ. ನಾಲ್ಕೈದು ಮರಿಗೆ ಇದು ಸಾಲದು, ಇಪ್ಪತ್ತು ಮೂವತ್ತಿದ್ದರೆ ಒಬ್ಬರಿಗೊಬ್ಬರು ಕಾವಾಗುತ್ತಾರೆ.

ಆಹಾರದ ವಿಷಯ ಚಿಕ್ಕದು. ಮರಿಯ ಹೊಟ್ಟೆಯಲ್ಲಿ ಉಳಿದ ಅರಿಸಿನ ಭಾಗ ಎರಡು ದಿನ ಅದನ್ನು ಸಾಕುತ್ತದೆ. ಮೊದಲು ಬೇಕಾದುದು ನೀರು. ಕುದಿಸಿ ಆರಿಸಿದ ನೀರಿಗೆ ಚೂರು ಬೆಲ್ಲ ಹಾಕಿ, ಮರಿ ಬಿದ್ದು ಮುಳುಗದಂತೆ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಇಡಿ. ರಾಗಿ, ಅಕ್ಕಿಯ ನುಚ್ಚು ಒಳ್ಳೆಯದೇ, ಅದೊಂದರಿಂದಲೇ ಮಾಂಸ ಪುಕ್ಕ ಬೆಳೆಯವು. ಮೊದಲ ನಾಲ್ಕು ವಾರ ಅಂಗಡಿಯ ಮರಿ ಆಹಾರವನ್ನು ಅದರೊಡನೆ ಬೆರೆಸಿದರೆ ಆ ಖರ್ಚು ಹಿಂದಿರುಗುತ್ತದೆ. ಗೆದ್ದಲು ಸಿಕ್ಕರೆ ಹಬ್ಬ. ನೂಲು ಬಿಚ್ಚುವ ಕಾರ್ಖಾನೆಗಳಿಂದ ರೇಷ್ಮೆಹುಳುವಿನ ಕೋಶ ತರುವವರು ಚೆನ್ನಾಗಿ ಒಣಗಿಸಿ, ಬೆಳೆದ ಕೋಳಿಗೆ ಮಿತವಾಗಿ ಕೊಡಲಿ. ಕಮಟು ಹತ್ತಿದ್ದು ಬೇಡ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಂತೂ ವಿಷವೇ ಸರಿ.

ಇಷ್ಟೆಲ್ಲ ಮಾಡಿಯೂ ಒಂದು ವಾರದಲ್ಲಿ ಹಿತ್ತಿಲು ಬರಿದಾಗಬಹುದು. ಕತ್ತು ತಿರುಚಿ, ಹಸಿರು ಭೇದಿಯಾಗಿ ಕೋಳಿಗಳು ಸಾಯುವ ಕೊಕ್ಕರೆ ರೋಗಕ್ಕೆ ಔಷಧವಿಲ್ಲ, ಲಸಿಕೆಯೊಂದೇ ಉಪಾಯ. 1920ರ ದಶಕದಲ್ಲಿ ಕುಮಾವೂನ್ ಬೆಟ್ಟದ ರಾಣಿಖೇತದಲ್ಲಿ ಗುರುತಾದುದರಿಂದ ನಮ್ಮ ದೇಶದ ವೈದ್ಯರು ಇದನ್ನು ರಾಣಿಖೇತ್ ರೋಗವೆಂದೇ ಕರೆಯುತ್ತಾರೆ. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟನೆಯ ವಾರದಲ್ಲಿ ಒಂದು ಚುಚ್ಚುಮದ್ದು. ತೊಡಕೇನೆಂದರೆ, ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಾಗುವಷ್ಟಿರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಕೆಡುತ್ತದೆ. ಹತ್ತು ಮರಿಯ ಒಂಟಿ ಹೆಂಗಸು ಅದನ್ನು ತರಲಾರಳು. ಬೀದಿಯ ಮನೆಗಳೆಲ್ಲ ಹೇಂಟೆಗಳನ್ನು ಒಂದೇ ವಾರದಲ್ಲಿ ಕೂರಿಸಿದರೆ, ಒಂದೇ ಸೀಸೆ ಮಂಜುಗಡ್ಡೆಯಲ್ಲಿ ಬಂದು ಎಲ್ಲರ ಮರಿಗೂ ಆಗುತ್ತದೆ.

ಹದ್ದಿನ ಮಾತು ಉಳಿಯಿತು. ರಾಮದೇವರ ಬೆಟ್ಟದ ರಣಹದ್ದುಗಳ ಮೇಲೆ ಮರಿಕಳ್ಳತನದ ಅಪವಾದ ಹೊರಿಸುವವರಿದ್ದಾರೆ. ಅವು ಸತ್ತ ಪ್ರಾಣಿಯನ್ನಷ್ಟೇ ತಿನ್ನುತ್ತವೆ. ಬೆಟ್ಟ 2012ರಿಂದ ಅವುಗಳ ರಕ್ಷಿತ ಧಾಮ. ಕದಿಯುವುದು ಊರ ಮೇಲೆ ಸುತ್ತುವ ಗರುಡ, ಹದ್ದು, ಕಾಗೆ. ಹಗಲಿನಲ್ಲಿ ಅವುಗಳಿಂದ ತಪ್ಪಿಸಲು ಕವುಚಿದ ದೊಡ್ಡ ಮಂಕರಿ ಸಾಕು.

ಅವ್ವ ಈಗಿಲ್ಲ. ತಂಗಿ ಕನಕಪುರದ ಕಡೆ ಹುಳು ಮೇಯಿಸುತ್ತಾಳೆ. ಅವಳ ಹುಳುಮನೆಯ ಗೋಡೆಯ ಮೇಲೆ ಸುಣ್ಣದಲ್ಲಿ ಎರಡು ಸಾಲು ಬರೆದಿದೆ: ಒಂದು ಹುಳುವಿನ ಜ್ವರದ ತಾರೀಖು, ಇನ್ನೊಂದು ಹೇಂಟೆ ಕೂತ ತಾರೀಖು. ಆರನೆಯ ವಾರ ತುಂಬಿದ ಮರಿಗಳನ್ನು ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ ಹಿತ್ತಿಲಿಗೆ ಬಿಟ್ಟು, ಹೊತ್ತು ಮುಳುಗುವ ಮುನ್ನ ಎಣಿಸಿ ಒಳಗೆ ಹಾಕುತ್ತಾಳೆ. ಕಳೆದ ಸಲ ನಾನು ಹೋದಾಗ 19 ಮರಿಗಳಲ್ಲಿ 16 ಒಳಗೆ ಬಂದವು.