ಗೋಕರ್ಣದ ಗುಡ್ಡದಂಚಿನಲ್ಲಿ ನಿಂತು ನೋಡುವ ನಡಿಗೆ

ಗೋಕರ್ಣಕ್ಕೆ ಹೋದವರು ಸಾಮಾನ್ಯವಾಗಿ ಮಹಾಬಲೇಶ್ವರನ ದರ್ಶನ ಮಾಡಿ, ಎದುರಿನ ಕಡಲಲ್ಲಿ ಕಾಲು ತೋಯಿಸಿಕೊಂಡು ಹಿಂದಿರುಗುತ್ತಾರೆ. ಕಾಳಿದಾಸನ ರಘುವಂಶದಲ್ಲೇ ಈ ಕ್ಷೇತ್ರದ ಹೆಸರಿದೆ. ಯಾತ್ರೆಯ ಪರಂಪರೆ ಅಷ್ಟು ಹಳೆಯದು. ಆದರೆ ಊರಿನ ದಕ್ಷಿಣಕ್ಕೆ ಕಡಲೊಳಕ್ಕೆ ಚಾಚಿಕೊಂಡಿರುವ ಗುಡ್ಡಗಳತ್ತ ಯಾತ್ರಿಕರ ಗಮನ ಹೋಗುವುದು ಕಡಿಮೆ. ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ಎಂದು ಕರೆಯುವ ಪುಟ್ಟ ಮರಳತೀರಗಳು ಈ ಗುಡ್ಡಗಳ ಮಡಿಲಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಹತ್ತಿ ಇಳಿಯುತ್ತ ಹೋದರೆ ಸಂಜೆಯೊಳಗೆ ಬೇಲೆಕಾನ್ ದಾಟಿ ತದಡಿ ಸೇರಬಹುದು. ಎಂಟು ಹತ್ತು ಮಂದಿ ಸೇರಿ ಪ್ರಾಣಿಪಕ್ಷಿ ನೋಡಲೆಂದೇ ಹೊರಡಲು ನವೆಂಬರಿನಿಂದ ಫೆಬ್ರುವರಿಯವರೆಗೆ ತಕ್ಕ ಕಾಲ. ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಅಲೆಗೆ ಸಿಕ್ಕ ಬಂಡೆಗಳ ಮೇಲೆ ಜೀವಗಳು ಹೋಗಿವೆ.

ಭೂಶಿರದಲ್ಲಿ ಇಷ್ಟೊಂದು ಬಗೆಯ ಜೀವಿಗಳು ಏಕೆ? ಉತ್ತರ ಕಾಲಡಿಯಲ್ಲೇ ಇದೆ. ಗುಡ್ಡದ ನೆತ್ತಿ ಚಿರೆಕಲ್ಲಿನದು. ಮಳೆ ಬಿಸಿಲುಗಳಿಗೆ ಸಿಕ್ಕಿದ ಶಿಲೆ ಸವೆದು, ಕಬ್ಬಿಣ ಅಲ್ಯೂಮಿನಿಯಂಗಳ ಅಂಶ ಉಳಿದು ಆದ ಕಲ್ಲು ಇದು. ೧೮೦೧ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನೇ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು. ಲ್ಯಾಟಿನ್ನಿನಲ್ಲಿ ಅದರ ಮೂಲ ಇಟ್ಟಿಗೆ ಎಂಬ ಪದ. ಮೇಲೆ ಹುಲ್ಲು, ಕುರುಚಲು, ಇಳಿಜಾರಿನಲ್ಲಿ ಮರಗಳು. ಅಲೆ ಬಡಿಯುವಲ್ಲಿ ಗಟ್ಟಿ ಕಪ್ಪು ಬಂಡೆ. ಎರಡು ಬಂಡೆಸಾಲುಗಳ ನಡುವೆ ಮರಳು. ನೂರಿನ್ನೂರು ಹೆಜ್ಜೆಗಳೊಳಗೆ ಇಷ್ಟು ವಾಸಸ್ಥಾನಗಳು ಒಟ್ಟಿಗೆ ಸಿಗುವುದು ನೇರ ಮರಳತೀರದಲ್ಲಿ ಸಾಧ್ಯವಿಲ್ಲ.

ಬಂಡೆಗಳನ್ನು ನೋಡಬೇಕಾದದ್ದು ಇಳಿತದ ಹೊತ್ತಿನಲ್ಲಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಸರಿಯುವುದರಿಂದ ಪಂಚಾಂಗ ನೋಡಿ ಹೊರಡುವುದು ಇಲ್ಲಿ ಮೂಢನಂಬಿಕೆಯಲ್ಲ! ಕಲ್ಲಿಗಂಟಿದ ಚಿಪ್ಪುಗಳ ನಡುವೆ ಬೂದು ಬಣ್ಣದ ಕೊಕ್ಕರೆಯೊಂದು, ಪಕ್ಕದಲ್ಲಿ ಅಂಥದೇ ಬಿಳಿಯದೊಂದು ಮೀನಿಗೆ ಹೊಂಚುಹಾಕಿ ನಿಂತಿರುತ್ತವೆ. ಗುಂಪಿನಲ್ಲಿ ಒಬ್ಬರಾದರೂ ಅವನ್ನು ಎರಡು ಜಾತಿಯೆಂದು ಬರೆದುಕೊಳ್ಳುತ್ತಾರೆ. ಅದು ಒಂದೇ ಜಾತಿ, ಕಡಲ ಬೆಳ್ಳಕ್ಕಿ. ಹುಟ್ಟಿನಿಂದಲೇ ಕೆಲವು ಬೂದು, ಕೆಲವು ಬಿಳಿ.

ಆಕಾಶದಲ್ಲಿ ಸುತ್ತುವ ಕೆಂಗಂದು ಮೈಯ, ಬಿಳಿತಲೆಯ ಗರುಡನನ್ನು ಎಲ್ಲರೂ ಬಲ್ಲರು. ಅದಕ್ಕಿಂತ ದೊಡ್ಡದು, ಹೊಟ್ಟೆಯೆಲ್ಲ ಬಿಳುಪು, ತೇಲುವಾಗ ರೆಕ್ಕೆ ಮೇಲಕ್ಕೆತ್ತಿ ಹಿಡಿಯುವ ಹಕ್ಕಿ ಕಂಡರೆ ಅದು ಬಿಳಿಹೊಟ್ಟೆಯ ಕಡಲ ಹದ್ದು. ಮೀನಿನ ಜತೆಗೆ ಕಡಲ ಹಾವನ್ನೂ ಎತ್ತಿಕೊಂಡು ಹೋಗುತ್ತದೆ. ಎತ್ತರದ ಮರದಲ್ಲಿ ಕಡ್ಡಿಗಳ ದೊಡ್ಡ ಗೂಡು ಕಟ್ಟಿ, ವರ್ಷವರ್ಷವೂ ಅದನ್ನೇ ದುರಸ್ತಿ ಮಾಡಿಕೊಂಡು ಬಾಳುತ್ತದೆ. ಇಳಿಜಾರಿನ ಹಳೆಯ ಮರವೊಂದನ್ನು ಕಡಿದರೆ ಅದಕ್ಕೆ ಹಲವು ವರ್ಷಗಳ ಮನೆ ಹೋದಂತೆ.

ಇನ್ನು ಡಾಲ್ಫಿನ್. ಇಲ್ಲಿ ದಡದ ಹತ್ತಿರ ಕಾಣುವುದು ಬೆನ್ನ ಮೇಲೆ ಗೂನಿರುವ ಬೂದು ಡಾಲ್ಫಿನ್. ೨೦೧೪ರಲ್ಲಿ ವಿಜ್ಞಾನಿಗಳು ಹಿಂದೂ ಮಹಾಸಾಗರದ ಇದನ್ನು ಪೂರ್ವ ಏಷ್ಯಾದ್ದಕ್ಕಿಂತ ಬೇರೆ ಜಾತಿಯೆಂದು ಗುರುತಿಸಿದರು. ಆಳ ಕಡಲು ಇದಕ್ಕೆ ಒಗ್ಗದು, ದಡದ ಪಕ್ಕದ ಆಳವಿಲ್ಲದ ನೀರೇ ಬೇಕು. ಉಸಿರಿಗೆಂದು ಮೇಲೆ ಬಂದು ಮುಳುಗಿದರೆ ಮತ್ತೆ ಕಾಣಲು ಕೆಲವು ನಿಮಿಷ ಬೇಕಾದೀತು. ಹಾಗಾಗಿ ನಡೆಯುತ್ತಲೇ ನೋಡುವವರ ಕಣ್ಣಿಗೆ ಬೀಳುವುದು ಅಪರೂಪ. ಗುಂಪು ಉಪಯೋಗಕ್ಕೆ ಬರುವುದು ಇಲ್ಲಿಯೇ: ಗುಡ್ಡದ ಮೂತಿಯಲ್ಲಿ ಕುಳಿತು, ಕಡಲನ್ನು ಗಡಿಯಾರದ ಮುಖದಂತೆ ಹಂಚಿಕೊಂಡು, ಒಬ್ಬೊಬ್ಬರು ಒಂದೊಂದು ತುಂಡನ್ನು ಕಾಲು ಗಂಟೆ ಸುಮ್ಮನೆ ಕಾಯಬೇಕು. ಕೂಗಾಡುವ ಅವಸರ ಬೇಡ. ದಡದಿಂದ ಪ್ರವಾಸಿಗರನ್ನು ತುಂಬಿಕೊಂಡು ಹೊರಟ ಮೋಟಾರು ದೋಣಿ, ಗೂನು ಕಂಡಲ್ಲಿಗೆಲ್ಲ ಬೆನ್ನಟ್ಟುವುದನ್ನು ಮೇಲಿನಿಂದ ನೋಡಿದಾಗ, ದುಡ್ಡು ಕೊಟ್ಟು ಹತ್ತಿರ ಹೋದವರಿಗಿಂತ ಗುಡ್ಡದ ಮೇಲೆ ಕುಳಿತವರೇ ಹೆಚ್ಚು ಕಂಡರು ಎನಿಸುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಹುಲಿಯ ಸಾಲಿನಲ್ಲೇ ಡಾಲ್ಫಿನ್ನಿನ ಹೆಸರೂ ಇದೆ.

ಅವು ಇಲ್ಲೇ ಏಕೆ ಸುಳಿಯುತ್ತವೆ ಎಂಬುದು ತದಡಿ ತಲುಪಿದಾಗ ತಿಳಿಯುತ್ತದೆ. ದೊಡ್ಡ ಅಣೆಕಟ್ಟಿಲ್ಲದೆ ಘಟ್ಟದಿಂದ ಇಳಿದು ಬರುವ ಅಘನಾಶಿನಿ ಇಲ್ಲಿ ಕಡಲು ಸೇರುತ್ತದೆ. ನದಿ ಹೊತ್ತು ತಂದ ಹೂಳಿನಲ್ಲಿ ಕಾಂಡ್ಲಾ ಬೆಳೆದು, ಅದರ ಬೇರುಗಳ ನಡುವೆ ಮೀನುಮರಿಗಳು ಬೆಳೆಯುತ್ತವೆ. ಹದ್ದು, ಡಾಲ್ಫಿನ್, ಮೀನುಗಾರರು ಮೂವರೂ ಈ ಅಳಿವೆಯ ಋಣಿಗಳು. ೨೦೦೦ರ ದಶಕದಲ್ಲಿ ತದಡಿಗೆ ೪೦೦೦ ಮೆಗಾವಾಟ್‌ನ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಊರವರು ವಿರೋಧಿಸಿದರು, ಅದು ಕೈಬಿಟ್ಟುಹೋಯಿತು. ೨೦೨೪ರಲ್ಲಿ ಸುಮಾರು ೪೮೦೦ ಹೆಕ್ಟೇರಿನ ಅಳಿವೆ ರಾಮ್ಸಾರ್ ತಾಣವಾಗಿ ಘೋಷಿತವಾಯಿತು.

ಸಂಜೆಯ ಇಳಿತಕ್ಕೆ ಸರಿಯಾಗಿ ತಲುಪಿದರೆ, ಸೊಂಟದವರೆಗಿನ ನೀರಿನಲ್ಲಿ ಬಳಚು ಹೆಕ್ಕುವವರು ಕಾಣುತ್ತಾರೆ. ಅವರ ಬುಟ್ಟಿಯ ಸುತ್ತ ಕಡಲ ಬೆಳ್ಳಕ್ಕಿಗಳು, ಬೂದು ಮತ್ತು ಬಿಳಿ, ಅಂಜಿಕೆಯಿಲ್ಲದೆ ನಿಂತಿರುತ್ತವೆ.