ಸುರೈಯಾ: ಮುಖ ಮತ್ತು ದನಿ ಎರಡೂ ತನ್ನದೇ



ಹಳೇ ಹಿಂದಿ ಹಾಡುಗಳ ನಡುವೆ ಸುರೈಯಾ ದನಿ ನೀವು ಕೇಳಿಯೇ ಇರುತ್ತೀರಿ. ಆಕೆ ಬೆಳಕಿಗೆ ಬಂದದ್ದೇ ರೇಡಿಯೋದಿಂದ, ಗೊತ್ತಾ?

1929ರಲ್ಲಿ ಹುಟ್ಟಿದ ಸುರೈಯಾ ಬೆಳೆದದ್ದು ಮುಂಬೈಯಲ್ಲಿ. ಆಕಾಶವಾಣಿಯ ಮಕ್ಕಳ ಕಾರ್ಯಕ್ರಮಗಳಲ್ಲಿ ಹಾಡುತ್ತಿದ್ದಳು. ಜೊತೆಗಿದ್ದ ಹುಡುಗರು ಯಾರು ಅಂತೀರಿ? ರಾಜ್ ಕಪೂರ್, ಮದನ್ ಮೋಹನ್! ಸಂಗೀತವನ್ನು ಗುರುಮುಖೇನ ಕಲಿತವಳಲ್ಲ. ನಟನಾಗಿದ್ದ ಮಾವ ಜಹೂರ್ ಜೊತೆ ಶೂಟಿಂಗ್ ನೋಡಲು ಹೋದವಳು ನಿರ್ದೇಶಕ ನಾನೂಭಾಯಿ ವಕೀಲರ ಕಣ್ಣಿಗೆ ಬಿದ್ದಳು. 1941ರ 'ತಾಜ್ ಮಹಲ್'ನಲ್ಲಿ ಪುಟ್ಟ ಮುಮ್ತಾಜ್ ಆದಳು.

ಮುಂದಿನ ವರ್ಷವೇ ಮಜಾ. ರೇಡಿಯೋದಲ್ಲಿ ಆಕೆಯ ದನಿ ಕೇಳಿದ ಸಂಗೀತ ನಿರ್ದೇಶಕ ನೌಷಾದ್, 'ಶಾರದಾ' ಚಿತ್ರದ ನಾಯಕಿ ಮೆಹ್ತಾಬ್‌ಗೆ ಇವಳಿಂದಲೇ ಹಾಡಿಸಿದರು. ದೊಡ್ಡ ನಾಯಕಿಯ ತುಟಿಗೆ ಹದಿಮೂರರ ಹುಡುಗಿಯ ದನಿ! ಮೈಕ್ ಎಟುಕದೆ ಸ್ಟೂಲ್ ಮೇಲೆ ನಿಂತು ಹಾಡಿದಳಂತೆ.

ಇಲ್ಲೊಂದು ವಿಷಯ ಗಮನಿಸಿ. ಆಗ ಸಿನಿಮಾದಲ್ಲಿ ಎರಡು ಪದ್ಧತಿಗಳು ಒಟ್ಟಿಗೇ ನಡೆಯುತ್ತಿದ್ದವು. ನಟಿಯೇ ಹಾಡುವುದು ಹಳೆಯದು. ಒಬ್ಬರು ಹಾಡಿ ಇನ್ನೊಬ್ಬರು ತುಟಿ ಆಡಿಸುವ ಪ್ಲೇಬ್ಯಾಕ್ ಹೊಸದು. ಸುರೈಯಾ ಹೊಸದರಲ್ಲಿ ಹೆಸರು ಮಾಡಿ, ಹಳೆಯದಕ್ಕೆ ಹೋಗಿ ರಾಣಿಯಾದಳು. 'ತದ್‌ಬೀರ್' (1945), 'ಪರ್ವಾನಾ' (1947) ಚಿತ್ರಗಳಲ್ಲಿ ಕೆ.ಎಲ್. ಸೈಗಲ್‌ಗೆ ಜೋಡಿ. 1947ರ ಜನವರಿಯಲ್ಲಿ ಸೈಗಲ್ ತೀರಿಕೊಂಡರು. ದೇಶ ವಿಭಜನೆಯಾಗಿ ನೂರ್ ಜಹಾನ್ ಪಾಕಿಸ್ತಾನಕ್ಕೆ ಹೋದರು (ಅವರೂ ಬೇಬಿ ನೂರ್ ಜಹಾನ್ ಆಗಿಯೇ ಶುರು ಮಾಡಿದವರು). ನಟಿಸುತ್ತಾ ಹಾಡುವ ದೊಡ್ಡ ತಾರೆಯಾಗಿ ಹೆಚ್ಚುಕಡಿಮೆ ಸುರೈಯಾ ಒಬ್ಬಳೇ ಉಳಿದಳು. 'ಪ್ಯಾರ್ ಕೀ ಜೀತ್' (1948), 'ದಿಲ್ಲಗಿ', 'ಬಡೀ ಬಹೆನ್' (1949) ಎಲ್ಲ ಹಿಟ್.

ಆದರೆ 'ಬಡೀ ಬಹೆನ್' ಹಾಡುಗಳನ್ನು ಸ್ವಲ್ಪ ಗಮನವಿಟ್ಟು ಕೇಳಿ. ಅಕ್ಕ ಸುರೈಯಾ ತನ್ನ ಹಾಡು ತಾನೇ ಹಾಡುತ್ತಾಳೆ. ತಂಗಿಯಾದ ಗೀತಾ ಬಾಲಿಗೆ ಹಾಡಿದ್ದು ಲತಾ ಮಂಗೇಶ್ಕರ್! ಹಳೆಯದೂ ಹೊಸದೂ ಒಂದೇ ಮನೆಯಲ್ಲಿ. ಚೆನ್ನಾಗಿ ಅಭಿನಯಿಸುವವರಿಗೆ ಚೆನ್ನಾಗಿ ಹಾಡುವವರ ದನಿ ಸಿಗುವಾಗ, ಎರಡೂ ಬರುವವರನ್ನು ಹುಡುಕುವ ಗರಜು ಯಾರಿಗಿತ್ತು? ಕೆಲವೇ ವರ್ಷಗಳಲ್ಲಿ ಪ್ಲೇಬ್ಯಾಕ್ ಗೆದ್ದಿತು.

ದೇವ್ ಆನಂದ್ ಜೊತೆಗಿನ ಏಳು ಸಿನಿಮಾ, ಮದುವೆಯಾಗದ ಆ ಪ್ರೇಮಕಥೆ ನಿಮಗೆ ಗೊತ್ತಿರುವುದೇ. ನನ್ನ ಪ್ರಕಾರ ಸುರೈಯಾ ಎಂದರೆ 1954ರ 'ಮಿರ್ಜಾ ಗಾಲಿಬ್'. ಗುಲಾಂ ಮೊಹಮ್ಮದ್ ಸಂಗೀತ, ರಾಷ್ಟ್ರಪತಿಗಳ ಸ್ವರ್ಣ ಪದಕ. ಗಜಲ್‌ಗಳಲ್ಲಿ ಗಿಮಿಕ್ ಇಲ್ಲ, ಮಾತಾಡಿದಷ್ಟು ಸಲೀಸು. ನಿರ್ದೇಶಕ ಸೊಹ್ರಾಬ್ ಮೋದಿ ಯಾರ ಪತಿ ಗೊತ್ತಾ? ಅದೇ ಮೆಹ್ತಾಬ್!

1963ರ 'ರುಸ್ತುಮ್ ಸೊಹ್ರಾಬ್' ಕೊನೆಯ ಚಿತ್ರ. ಆಗಿನ್ನೂ ಮೂವತ್ನಾಲ್ಕು. ಆಮೇಲೆ ಮರೀನ್ ಡ್ರೈವ್‌ನ ಕೃಷ್ಣ ಮಹಲ್‌ನ ಮನೆಯಲ್ಲೇ ಬದುಕು. 2004ರ ಜನವರಿ 31ರಂದು ಮುಂಬೈಯಲ್ಲೇ ನಿಧನ.

ಇವತ್ತು ರಾತ್ರಿ ಬಿಡುವಾದರೆ ಮೊದಲು 'ಶಾರದಾ'ದ ಹಾಡು, ಆಮೇಲೆ 'ಮಿರ್ಜಾ ಗಾಲಿಬ್'ನದು ಕೇಳಿ. ನಡುವೆ ಹನ್ನೆರಡು ವರ್ಷ.