ಐದು ಹನಿಯ ಹಿಂದಿನ ಪರೀಕ್ಷೆ

ಹಸುಗೂಸುಗಳಿಗೆ ತೀವ್ರ ವಾಂತಿಭೇದಿ ತರುವ ರೋಗಾಣುಗಳಲ್ಲಿ ರೋಟಾವೈರಸ್ ಪ್ರಮುಖವಾದುದು. 1973ರಲ್ಲಿ ಆಸ್ಟ್ರೇಲಿಯದ ರೂತ್ ಬಿಷಪ್ ಮತ್ತು ಸಂಗಡಿಗರು ಇದನ್ನು ಗುರುತಿಸಿದರು.

1980ರ ದಶಕದಲ್ಲಿ ದೆಹಲಿ ಹಾಗೂ ಬೆಂಗಳೂರಿನ ಕೆಲವು ನವಜಾತ ಶಿಶುಗಳಲ್ಲಿ ಈ ವೈರಸ್ಸು ಇದ್ದರೂ ರೋಗಲಕ್ಷಣ ಕಾಣಲಿಲ್ಲ. ಇಂಥ ಸೌಮ್ಯ ತಳಿಯನ್ನೇ ಲಸಿಕೆಯಾಗಿಸಬಾರದೇಕೆ ಎಂದು ವಿಜ್ಞಾನಿಗಳು ಯೋಚಿಸಿದರು. ಶಿಶುಗಳಿಗೆ ಕೊಟ್ಟು ನೋಡಿದಾಗ ಬೆಂಗಳೂರಿನ ತಳಿಗಿಂತ ದೆಹಲಿಯ ತಳಿಯೇ ಹೆಚ್ಚು ರೋಗನಿರೋಧಕ ಶಕ್ತಿ ಹುಟ್ಟಿಸಿತು. ಅದರಿಂದ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆ ಐದು ಹನಿಯ ‘ರೋಟಾವ್ಯಾಕ್’ ತಯಾರಿಸಿತು.

2011ರಲ್ಲಿ ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ದೊಡ್ಡ ಪರೀಕ್ಷೆ ಆರಂಭವಾಯಿತು. ಮೂವರಲ್ಲಿ ಇಬ್ಬರಿಗೆ ಲಸಿಕೆ, ಒಬ್ಬರಿಗೆ ಲಸಿಕೆಯಿಲ್ಲದ ದ್ರವ. ಯಾರಿಗೆ ಯಾವುದೆಂಬುದು ಪಾಲಕರಿಗೂ ವೈದ್ಯರಿಗೂ ತಿಳಿಯದು; ತಿಳಿದರೆ ತೀರ್ಮಾನ ಪಕ್ಷಪಾತವಾದೀತು. ಲಸಿಕೆ ಪಡೆದ ಕೂಸುಗಳಲ್ಲಿ ಮೊದಲ ವರ್ಷ ತೀವ್ರ ರೋಟಾಭೇದಿ ಶೇಕಡಾ 56ರಷ್ಟು ತಗ್ಗಿತು.

2016ರಲ್ಲಿ ಆಂಧ್ರಪ್ರದೇಶವೂ ಸೇರಿ ನಾಲ್ಕು ರಾಜ್ಯಗಳಲ್ಲಿ ಆರಂಭವಾದ ರೋಟಾ ಲಸಿಕೆ 2019ರಲ್ಲಿ ದೇಶಕ್ಕೆಲ್ಲ ಹಬ್ಬಿತು. ನಮ್ಮ ಬಶೀರಾಬಾದ್, ತಾಂಡೂರು ಕಡೆಯ ಕೂಸುಗಳಿಗೂ 6, 10, 14ನೆಯ ವಾರಗಳಲ್ಲಿ ಸರ್ಕಾರ ಇದನ್ನು ಉಚಿತವಾಗಿ ಹಾಕಿಸುತ್ತದೆ.

ವಿದ್ಯಾರ್ಥಿ ಮಿತ್ರರೇ, 56 ಎಂದರೆ ನೂರಲ್ಲ. ಆದುದರಿಂದ ಲಸಿಕೆ ಹಾಕಿಸಿದ ಮಗುವಿಗೂ ಭೇದಿಯಾದರೆ ಎದೆಹಾಲು ನಿಲ್ಲಿಸದೆ ಓ.ಆರ್.ಎಸ್. ದ್ರಾವಣ ಕುಡಿಸಿ, ಆಸ್ಪತ್ರೆಗೆ ಒಯ್ಯಬೇಕೆಂದು ಮನೆಯಲ್ಲಿ ತಿಳಿಸಿರಿ.